ಗುಡ್ಡೆಯನ್ನು ಎಷ್ಟು ಎತ್ತರಿಸಬೇಕು?

ಓಣಂ ರಜೆ ಮುಗಿದು ಶಾಲೆ ತೆರೆದ ವಾರ, ಒಂಬತ್ತನೆಯ ತರಗತಿಯ ಹುಡುಗನೊಬ್ಬ ಬಂದು, “ಸರ್, ದೇಲಂಪಾಡಿಯನ್ನು ಆಟದೊಳಗೆ ಇಳಿಸಿದ್ದೇನೆ. ಆದರೆ ಎಲ್ಲಿಯೂ ರಸ್ತೆ ಮಾಡಲಿಕ್ಕೆ ಆಗುವುದಿಲ್ಲ” ಎಂದ. ಕನ್ನಡ ಮಾಷ್ಟ್ರ ಬಳಿ ಇದಕ್ಕೇನು ಪರಿಹಾರ ಎಂದು ನೀವು ನಗಬಹುದು. ನಾನೂ ನಕ್ಕೆ. ಆದರೆ ಅವನು ತೋರಿಸಿದ ಚಿತ್ರವನ್ನು ಕಂಡಾಗ ನಗು ನಿಂತಿತು. ಅಲ್ಲಿದ್ದುದು ನಮ್ಮ ಊರಲ್ಲ, ಹಿಮಾಲಯದ ತಪ್ಪಲು. ಕೊಡಗಿನ ಬೆಟ್ಟಗಳಲ್ಲಿ ಹುಟ್ಟಿ, ಸುಳ್ಯವನ್ನು ದಾಟಿ, ಶಾಂತವಾಗಿ ನಮ್ಮ ಕಡೆಗೆ ಬರುವ ಪಯಸ್ವಿನಿ ಅಲ್ಲಿ ಪಾತಾಳದಲ್ಲಿ ಹರಿಯುತ್ತಿದ್ದಳು.

ಆಟದ ಹೆಸರು ‘ಸಿಟೀಸ್: ಸ್ಕೈಲೈನ್ಸ್’. 2015ರಲ್ಲಿ ಬಂದದ್ದು. ಇದರಲ್ಲಿ ಪಟ್ಟಣ ಕಟ್ಟಬೇಕು, ರಸ್ತೆ ಹಾಕಬೇಕು, ನೀರು ಕೊಡಬೇಕು. ನೆಲವನ್ನು ನಾವೇ ತಯಾರಿಸಿ ಕೊಡಬಹುದು. ಅದಕ್ಕೆ ಬೇಕಾದುದು ಕಪ್ಪು ಬಿಳುಪಿನ ಒಂದು ಚಿತ್ರ. ಕಪ್ಪು ಎಂದರೆ ತಗ್ಗು, ಬಿಳಿ ಎಂದರೆ ಎತ್ತರ, ನಡುವಿನ ಬೂದು ಬಣ್ಣಗಳು ನಡುವಿನ ಎತ್ತರಗಳು. ಎತ್ತರದ ಅಂಕಿಗಳು ಎಲ್ಲಿಂದ ಸಿಗುತ್ತವೆ? 2000ದ ಫೆಬ್ರವರಿಯಲ್ಲಿ ‘ಎಂಡೆವರ್’ ಎಂಬ ಅಂತರಿಕ್ಷ ನೌಕೆ ಹನ್ನೊಂದು ದಿನ ಭೂಮಿಯನ್ನು ಸುತ್ತಿ, ರೇಡಾರಿನಿಂದ ನೆಲದ ಎತ್ತರವನ್ನು ಅಳೆದು ತಂದಿತು. ಆ ಅಂಕಿಗಳು ಈಗ ಯಾರಿಗೂ ಉಚಿತ. ಒಂದು ಕಾಲದಲ್ಲಿ ಈ ಕೆಲಸಕ್ಕೆ ಲ್ಯಾಂಬ್ಟನ್ ಸಾಹೇಬರು 1802ರಲ್ಲಿ ಮದ್ರಾಸಿನ ಬಳಿ ನೆಲದ ಮೇಲೆ ಸರಪಳಿ ಎಳೆದು ಆರಂಭಿಸಬೇಕಾಯಿತು. ಇಂದು ನಮ್ಮ ಹುಡುಗ ದೊಡ್ಡಪ್ಪನ ಮನೆಯ ಕಂಪ್ಯೂಟರಿನ ಮುಂದೆ ಕುಳಿತು ಅಷ್ಟನ್ನೂ ಇಳಿಸಿಕೊಳ್ಳುತ್ತಾನೆ!

ತಪ್ಪಿದ್ದು ಲೆಕ್ಕದಲ್ಲಿ. ಅವನು ಆರಿಸಿದ ಚೌಕದಲ್ಲಿ ಅತಿ ತಗ್ಗಿನ ಜಾಗ 20 ಮೀಟರು, ಅತಿ ಎತ್ತರದ್ದು 340 ಮೀಟರು ಎಂದು ಇಟ್ಟುಕೊಳ್ಳೋಣ. ವ್ಯತ್ಯಾಸ 320. ಚಿತ್ರ ತಯಾರಿಸುವ ತಂತ್ರಾಂಶ ಏನು ಮಾಡಿತು? ತಗ್ಗಿಗೆ ಪೂರ್ಣ ಕಪ್ಪು, ಎತ್ತರಕ್ಕೆ ಪೂರ್ಣ ಬಿಳಿ ಬಳಿಯಿತು. ಆಟಕ್ಕೆ ಮಾತ್ರ ಬಿಳಿ ಎಂದರೆ 1024 ಮೀಟರು. ಹೀಗೆ 320 ಮೀಟರಿನ ಏರು 1024 ಆಯಿತು, ಅಂದರೆ 3.2 ಪಟ್ಟು. ಒಂದು ಕಿಲೋಮೀಟರು ನಡೆಯುವಷ್ಟರಲ್ಲಿ 300 ಮೀಟರು ಏರುವ ಗುಡ್ಡೆಯ ಇಳಿಜಾರು ಸುಮಾರು 17 ಡಿಗ್ರಿ. 3.2 ಪಟ್ಟು ಎತ್ತರಿಸಿದರೆ ಅದು 44 ಡಿಗ್ರಿ. ಅಲ್ಲಿ ರಸ್ತೆಯಾಗದೆ ಇದ್ದುದರಲ್ಲಿ ಆಶ್ಚರ್ಯವೇನು?

ಪರಿಹಾರ ಎಂಟನೆಯ ತರಗತಿಯ ಅನುಪಾತವೇ. ಎತ್ತರದ ವ್ಯಾಪ್ತಿಯನ್ನು 320ನ್ನು 1024ರಿಂದ ಭಾಗಿಸಿದಷ್ಟಕ್ಕೆ, ಎಂದರೆ ನೂರಕ್ಕೆ 31.25ಕ್ಕೆ ಇಳಿಸಬೇಕು. ಇನ್ನೊಂದು ಕೊಂಡಿ ಉಂಟು. ಆ ಆಟದಲ್ಲಿ ಕಡಲಿನ ಮಟ್ಟ ಮೊದಲಿಗೆ 40 ಮೀಟರಿನಲ್ಲಿರುತ್ತದೆ. ಹಾಗಾಗಿ ಇಡೀ ನೆಲವನ್ನು 40 ಮೀಟರು ಮೇಲಕ್ಕೆತ್ತದಿದ್ದರೆ ಕಾಸರಗೋಡು ಪೇಟೆಯ ತಗ್ಗು ಭಾಗಗಳೆಲ್ಲ ಸಮುದ್ರಪಾಲು. ನಮ್ಮ 20 ಮೀಟರಿನ ಹೊಳೆಬದಿ 60ಕ್ಕೂ 340ರ ತುದಿ 380ಕ್ಕೂ ಬರಬೇಕು.

ಇದನ್ನು ಸರಿಪಡಿಸಿದ ಹುಡುಗ ಮರುವಾರ ಹೊಸ ಆಸೆಯೊಂದಿಗೆ ಬಂದ. ತಲಕಾವೇರಿಯಿಂದ ಅರಬ್ಬಿ ಕಡಲಿನವರೆಗೆ ಒಂದೇ ನಕ್ಷೆ! ದೂರ ಐವತ್ತು ಕಿಲೋಮೀಟರಿಗೂ ಹೆಚ್ಚು, ಆಟದ ಚೌಕ 17.28 ಕಿಲೋಮೀಟರು. ಮೂರು ಪಟ್ಟಿಗೂ ಹೆಚ್ಚು ಅಡಕ ಮಾಡಬೇಕು. ಉದ್ದಗಲ ಕುಗ್ಗಿಸಿ ಎತ್ತರವನ್ನು ಹಾಗೆಯೇ ಬಿಟ್ಟರೆ ಇಳಿಜಾರು ಮತ್ತೆ ಮೂರು ಪಟ್ಟು ಕಡಿದಾಗುತ್ತದೆ. ಸಾಲದ್ದಕ್ಕೆ ತಲಕಾವೇರಿ 1276 ಮೀಟರು ಎತ್ತರ, ಆಟದ ಸೂರು 1024. ಬ್ರಹ್ಮಗಿರಿಯ ತಲೆ ಕತ್ತರಿಸಿ ಮೇಜಿನಂತಾದೀತು. ಎತ್ತರವನ್ನೂ ಮೂರರಲ್ಲಿ ಒಂದಕ್ಕೆ ಇಳಿಸಿದರೆ 425 ಮೀಟರು, ಆಗ ಅದು ಒಳಗೆ ಕುಳಿತುಕೊಳ್ಳುತ್ತದೆ.

ಇಷ್ಟು ಹೇಳಿದ ನಾನು ಇದೇ ತಪ್ಪನ್ನು ಮಣ್ಣಿನಲ್ಲಿ ಮಾಡಿದವನು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ಮಕ್ಕಳಿಂದ ಊರಿನ ಉಬ್ಬುನಕ್ಷೆ ಮಾಡಿಸಿದ್ದೆ. ನೋಡಲು ಬಂದ ಅಡಿಕೆ ಕೃಷಿಕರೊಬ್ಬರು ತಮ್ಮ ಮನೆಯ ಗುಡ್ಡೆಯನ್ನು ಬೆರಳಿಂದ ಮುಟ್ಟಿ, “ಮಾಷ್ಟ್ರೇ, ಇದಕ್ಕೆ ನನ್ನ ಜೀಪು ಹತ್ತುದು ಹೇಗೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಒಂದಕ್ಕೆ ಐವತ್ತು ಸಾವಿರದ ಪ್ರಮಾಣದಲ್ಲಿ ಒಂದು ಕಿಲೋಮೀಟರು ಎಂದರೆ 2 ಸೆಂಟಿಮೀಟರು, 300 ಮೀಟರಿನ ಗುಡ್ಡೆ ಬರೇ 6 ಮಿಲಿಮೀಟರು. ಅದು ಯಾರ ಕಣ್ಣಿಗೂ ಬೀಳದು. ಆದುದರಿಂದ ಐದು ಪಟ್ಟು ಎತ್ತರಿಸಿ 3 ಸೆಂಟಿಮೀಟರು ಮಾಡುವುದು ತಪ್ಪಲ್ಲ. ಹಾಗೆ ಮಾಡಿದ್ದೇವೆ ಎಂದು ಚೀಟಿ ಅಂಟಿಸದಿರುವುದು ತಪ್ಪು. ನಾನು ಅಂಟಿಸಿರಲಿಲ್ಲ.

ಇದು ಆಟದ ಮಾತಷ್ಟೇ ಅಲ್ಲ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಗುಡ್ಡ ಕುಸಿದು ನೂರಾರು ಮಂದಿ ಮಡಿದ ಮೇಲೆ, ನಮ್ಮಲ್ಲಿಯೂ ಹಲವರು ತಮ್ಮ ಮನೆಯ ಹಿಂದಿನ ಗುಡ್ಡೆಯನ್ನು ಕಂಪ್ಯೂಟರಿನಲ್ಲಿ ನೋಡಿ ಭಯಪಟ್ಟರು, ಕೆಲವರು ಧೈರ್ಯಪಟ್ಟರು. ಗೂಗಲ್ ಅರ್ತ್ ತಂತ್ರಾಂಶದಲ್ಲಿ ಎತ್ತರವನ್ನು ಮೂರು ಪಟ್ಟಿನವರೆಗೆ ಹಿಗ್ಗಿಸಿ ನೋಡುವ, ಹಾಗೆಯೇ ತಗ್ಗಿಸಿ ನೋಡುವ ಏರ್ಪಾಡು ಇದೆ ಎಂಬುದು ಅವರಲ್ಲಿ ಎಷ್ಟು ಮಂದಿಗೆ ಗೊತ್ತಿತ್ತು?

ನಮ್ಮ ಹಿರಿಯರಿಗೆ ಎತ್ತರದ ಲೆಕ್ಕ ಮಾತಿನಲ್ಲೇ ಇತ್ತು. ಗದ್ದೆಯನ್ನು ಬೈಲು, ಮಜಲು, ಬೆಟ್ಟು ಎಂದು ಮೂರಾಗಿ ಎಣಿಸಿದರು. ನೀರು ನಿಲ್ಲುವ ತಗ್ಗು, ನಡುವಿನ ಹಂತ, ಮಳೆಯನ್ನೇ ನಂಬಿದ ಮೇಲಿನ ನೆಲ. ಅದರಾಚೆಗೆ ಗುಡ್ಡೆ, ಪದವು, ಮಲೆ. ಬೂದು ಬಣ್ಣದ 256 ಛಾಯೆಗಳಷ್ಟೇ ಇರುವ ಚಿತ್ರದಲ್ಲಿ 1024 ಮೀಟರನ್ನು ಹಂಚಿದರೆ ಒಂದೊಂದು ಮೆಟ್ಟಿಲು 4 ಮೀಟರು. ಬೈಲೂ ಮಜಲೂ ಒಂದೇ ಬಣ್ಣವಾಗಿ ಹೋಗುತ್ತವೆ, ಗುಡ್ಡೆಯ ಬದಿಯಲ್ಲಿ ಇಲ್ಲದ ಕಟ್ಟಪುಣಿಗಳು ಮೂಡುತ್ತವೆ. 65,536 ಛಾಯೆಗಳ ಚಿತ್ರವನ್ನೇ ಬಳಸಬೇಕು. ಆಗ ಮೆಟ್ಟಿಲು ಎರಡು ಸೆಂಟಿಮೀಟರಿಗೂ ಕಡಿಮೆ.

ಪೋಷಕರಲ್ಲಿ ನನ್ನದೊಂದು ಬೇಡಿಕೆ. ಮಗ ಕಂಪ್ಯೂಟರಿನಲ್ಲಿ ಆಡುತ್ತಾನೆಂದು ಗದರಿಸುವ ಮೊದಲು, “ನಮ್ಮ ಗುಡ್ಡೆಯನ್ನು ಎಷ್ಟು ಪಟ್ಟು ಎತ್ತರಿಸಿದ್ದೀ?” ಎಂದು ಕೇಳಿ. ಉತ್ತರ ಬಂದರೆ ಇನ್ನರ್ಧ ಗಂಟೆ ಆಡಲಿ. ಬಾರದಿದ್ದರೆ ಕಾಗದ ಪೆನ್ಸಿಲು ಕೊಟ್ಟು ಕೂರಿಸಿ.

ಹುಡುಗನ ರಸ್ತೆ ಈಗ ಹೊಳೆಯ ತನಕ ಬಂದಿದೆ. ಆದರೆ ಅವನ ಮನೆಯ ತೋಟ ಮಾತ್ರ ಅಂಗಳಕ್ಕಿಂತ ಎತ್ತರವಾಗಿ ಕಾಣುತ್ತದಂತೆ. ರೇಡಾರು ಅಲ್ಲಿ ನೆಲದವರೆಗೆ ಇಳಿಯದೆ ಅಡಿಕೆ ಮರಗಳ ತಲೆಯ ಹತ್ತಿರವೇ ಅಳೆದಿರಬೇಕು. ಅಪ್ಪನೊಂದಿಗೆ ತೋಟಕ್ಕಿಳಿದು, ಹಗ್ಗ ಮತ್ತು ನೀರಿನ ಪೈಪು ಹಿಡಿದು ಮಟ್ಟ ನೋಡುತ್ತೇನೆಂದು ಹೇಳಿ ಹೋಗಿದ್ದಾನೆ.