ಮೊನಿಷಾ ಮಾಡಿದ ತಪ್ಪಾದರೂ ಏನು?

ಬೆಂಗಳೂರಿನ ಯಾವುದಾದರೂ ಸಾಫ್ಟ್‌ವೇರ್ ಆಫೀಸಿನಲ್ಲಿ ಒಂದು ವಾರ ಕೂತು ನೋಡಿ. 'ಎಷ್ಟು ಮಿಡಲ್ ಕ್ಲಾಸ್ ಮಾರಾಯಾ ನೀನು' ಅನ್ನೋ ಮಾತು ಒಂದು ಸಲವಾದರೂ ಕಿವಿಗೆ ಬೀಳುತ್ತೆ. ಮನೆಯಿಂದ ಡಬ್ಬಿ ತಂದವನಿಗೆ, ಕ್ಯಾಬ್ ಬಿಟ್ಟು ಬಿಎಂಟಿಸಿ ಹತ್ತಿದವಳಿಗೆ, ಹೋಟೆಲ್ ರೂಮಿನ ಪುಟಾಣಿ ಸೋಪನ್ನು ಬ್ಯಾಗಿಗೆ ಸೇರಿಸಿಕೊಂಡವನಿಗೆ, ಎಲ್ಲರಿಗೂ ಅದೇ ಬಿರುದು. ಹೇಳಿದವರೂ ನಗ್ತಾರೆ, ಹೇಳಿಸಿಕೊಂಡವರೂ ನಗ್ತಾರೆ. ಅದರ ಬೆನ್ನಿಗೇ ವಾಟ್ಸಾಪ್ ಗ್ರೂಪಿನಲ್ಲಿ ಮಾಯಾ ಸಾರಾಭಾಯಿಯ ಒಂದು ತುಣುಕು ಬಂದು ಬೀಳುತ್ತೆ.

'ಸಾರಾಭಾಯ್ ವರ್ಸಸ್ ಸಾರಾಭಾಯ್' ನೋಡದವರಿಗೆ ಎರಡು ಮಾತು. 2004ರಲ್ಲಿ ಸ್ಟಾರ್ ಒನ್ ಚಾನೆಲ್ಲಿನಲ್ಲಿ ಶುರುವಾಗಿ 2006ರವರೆಗೆ ಬಂದ ಹಿಂದಿ ಹಾಸ್ಯ ಧಾರಾವಾಹಿ ಅದು. ದಕ್ಷಿಣ ಮುಂಬೈನ ಕಫ್ ಪರೇಡ್‌ನಲ್ಲಿ ಇರುವ ಶ್ರೀಮಂತ ಗುಜರಾತಿ ಸಂಸಾರ. ಅತ್ತೆ ಮಾಯಾ, ಅಂದರೆ ರತ್ನಾ ಪಾಠಕ್ ಶಾ. ಮಾವ ಇಂದ್ರವದನ, ಅಂದರೆ ಸತೀಶ್ ಶಾ. ದೊಡ್ಡ ಮಗ ಸಾಹಿಲ್ ಕಾಸ್ಮೆಟಿಕ್ ಸರ್ಜನ್. ಅವನ ಹೆಂಡತಿ ಮೊನಿಷಾ ದಿಲ್ಲಿ ಕಡೆಯ ಪಂಜಾಬಿ ಹುಡುಗಿ. ಆ ಪಾತ್ರ ಮಾಡಿದ್ದು ರೂಪಾಲಿ ಗಂಗೂಲಿ. ಒಂದು ಕೊಂಡರೆ ಒಂದು ಫ್ರೀ ಅಂದಕಡೆ ಓಡೋ, ಮನೆ ಹರವಿಕೊಂಡು ಕೂತು ಟಿವಿ ನೋಡೋ ಸೊಸೆ ಅವಳು. ಅವಳು ಏನು ಮಾಡಿದರೂ ಅತ್ತೆ ಕೊಡೋ ತೀರ್ಪು ಒಂದೇ: ಮಿಡಲ್ ಕ್ಲಾಸ್. ಅದೂ ಇಂಗ್ಲಿಷಿನಲ್ಲಿ, ನಗುನಗುತ್ತಲೇ.

ಆಗ ಸ್ಟಾರ್ ಪ್ಲಸ್‌ನಲ್ಲಿ ಮೈತುಂಬ ಒಡವೆ ಹೇರಿಕೊಂಡು ಸಂಚು ಹೂಡೋ ಅತ್ತೆಯರ ಕಾಲ. ಅದರ ಪಕ್ಕದಲ್ಲಿ ಈ ಧಾರಾವಾಹಿ ಬುದ್ಧಿವಂತವಾಗಿತ್ತು, ಈಗಲೂ ಇದೆ. ಈ ಅತ್ತೆ ಹಾಲಿಗೆ ವಿಷ ಹಾಕೋದಿಲ್ಲ, ಮಾತಿಗೆ ಸಕ್ಕರೆ ಹಾಕ್ತಾಳೆ. ಬರೆದ ಆತಿಶ್ ಕಪಾಡಿಯಾಗೆ ಮಾಯಾ ಎಂಥವಳು ಅಂತ ಚೆನ್ನಾಗಿ ಗೊತ್ತಿತ್ತು. ಸೊಸೆಯ ಅಭಿರುಚಿ ಕಂಡರೆ ಮೂಗು ಮುರಿಯೋ ಈ ಹೆಂಗಸು, ಚಿಕ್ಕ ಮಗ ರೋಸೇಶ್ ಬರೆಯೋ ಭಯಂಕರ ಕವಿತೆಗಳಿಗೆ ಕಣ್ಣರಳಿಸಿ ಕೂರ್ತಾಳೆ. ಇದಕ್ಕಿಂತ ಸ್ಪಷ್ಟವಾಗಿ ಹೇಳೋಕಾಗುತ್ತಾ? ಅಭಿರುಚಿ ಅಂತ ಆಕೆ ಕರೆಯೋದು ಬರೀ ತನ್ನವರ ಮೇಲಿನ ಪಕ್ಷಪಾತ. ಗಂಡ ಇಂದ್ರವದನನೇ ಸೊಸೆಯ ಪಕ್ಷ ಕಟ್ಟಿಕೊಂಡು ಅವಳ ಬಣ್ಣ ಬಯಲು ಮಾಡ್ತಾ ಇರ್ತಾನೆ.

ಅಂದರೆ ಧಾರಾವಾಹಿ ಗೇಲಿ ಮಾಡಿದ್ದು ಮಾಯಾಳನ್ನ. ನಾವೇನು ಮಾಡಿದ್ವಿ? ಅವಳನ್ನೇ ಎತ್ತಿಕೊಂಡು ಮೆರವಣಿಗೆ ಹೊರಡಿಸಿದ್ವಿ. ಮಾಯಾಳ ಮುಖ ಇರೋ ಮೀಮುಗಳಲ್ಲಿ ಮಾತು ಯಾವಾಗಲೂ ಹಂಚಿದವರದ್ದು, ಪೆಟ್ಟು ಯಾವಾಗಲೂ ಪಕ್ಕದವರಿಗೆ. 'ನಾನೇ ಮೊನಿಷಾ, ಏನೀಗ?' ಅಂತ ಎದೆ ತಟ್ಟಿಕೊಂಡು ಹಂಚೋರು ಅಪರೂಪ. ಗೇಲಿಗೆಂದೇ ಬರೆದ ಅಹಂಕಾರವನ್ನ ನಾವು ಮಾದರಿ ಮಾಡಿಕೊಂಡ್ವಿ.

ಇನ್ನೊಂದು ವಿಷಯ ಗಮನಿಸಿ. ಮೊನಿಷಾ ನಿಜವಾಗಿ ಮಿಡಲ್ ಕ್ಲಾಸೇ? ಗಂಡ ಸರ್ಜನ್, ಅತ್ತೆ ಮನೆಯ ಎದುರಿಗೇ ಫ್ಲ್ಯಾಟು, ವಿಳಾಸ ಕಫ್ ಪರೇಡ್. ಲೆಕ್ಕದಲ್ಲಿ ಅವಳು ಮಾಯಾಳಷ್ಟೇ ಶ್ರೀಮಂತೆ. ಹಾಗಿದ್ದೂ ಆ ಪದ ಅವಳಿಗೆ ಅಂಟಿಕೊಂಡಿದೆ ಅಂದರೆ, ಅದು ಈಗಿನ ಆದಾಯದ ಮಾತಲ್ಲ, ಬಂದ ಜಾಗದ ಮಾತು. ಇಪ್ಪತ್ತು ಲಕ್ಷ ಸಂಬಳ ಎಣಿಸೋ ನನ್ನ ಸಹೋದ್ಯೋಗಿಗೆ ಇವತ್ತಿಗೂ ಆ ಮಾತು ಬೀಳೋದು ಅದಕ್ಕೇ. ಅವನು ಫಾರಿನ್ ಕಾಲ್‌ನಲ್ಲಿ ಎಷ್ಟು ಚೆನ್ನಾಗಿ ಇಂಗ್ಲಿಷ್ ಮಾತಾಡಿದರೂ, ಊಟ ಆದ ಮೇಲೆ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಕೈ ತೊಳೆಯೋದು ಕಂಡು ಜನ ಅವನ ಊರು ಹಿಡೀತಾರೆ.

ಹೆಸರಿನ ಕಥೆಯಂತೂ ನಗು ಬರಿಸೋದಲ್ಲ. ಸೊಸೆಯ ನಿಜವಾದ ಹೆಸರು ಮನೀಷಾ. ಅದು ತೀರಾ ಮಿಡಲ್ ಕ್ಲಾಸ್ ಅಂತ ಅತ್ತೆಯೇ ಮೊನಿಷಾ ಮಾಡಿದ್ದು. ಒಂದು ಅಕ್ಷರದ ಚೇಷ್ಟೆ, ಪ್ರೇಕ್ಷಕ ನಕ್ಕು ಮುಂದೆ ಹೋಗ್ತಾನೆ. ನಮ್ಮ ಕಡೆಯ ಈರಪ್ಪ, ಬಸಪ್ಪ, ಹನುಮಂತ, ಯಲ್ಲವ್ವಗಳು ಕ್ಯಾಂಪಸ್ ಸೆಲೆಕ್ಷನ್ ಆದ ವರ್ಷದಲ್ಲಿ ಏನೇನಾದರು ಅಂತ ನಿಮಗೂ ಗೊತ್ತು. ನನ್ನ ಹಳೆಯದೊಂದು ಟೀಮಿನಲ್ಲಿ ಕ್ಲೈಂಟಿಗೆ ಸುಲಭ ಆಗಲಿ ಅಂತ ಮ್ಯಾನೇಜರೇ ಒಬ್ಬನ ಹೆಸರು ಕತ್ತರಿಸಿ ಕೊಟ್ಟಿದ್ದ. ಅಚ್ಚರಿಯೇನಂದರೆ ಅದೇ ಕ್ಲೈಂಟಿನ ಕಡೆ ಉದ್ದುದ್ದ ಪೋಲಿಷ್ ಹೆಸರಿನವರಿದ್ದರು, ಅದನ್ನ ನಾವೆಲ್ಲ ಶ್ರದ್ಧೆಯಿಂದ ಬಾಯಿಪಾಠ ಮಾಡಿದ್ವಿ. ನಾಲಿಗೆ ಹೊರಳದ ಸಮಸ್ಯೆ ಅಲ್ಲ ಅದು, ಯಾರಿಗಾಗಿ ಹೊರಳಿಸಬೇಕು ಅನ್ನೋದರ ಲೆಕ್ಕಾಚಾರ.

ಹಾಗಂತ ಬರೆದವರದ್ದು ಏನೂ ತಪ್ಪಿಲ್ಲ, ಎಲ್ಲಾ ನೋಡುಗರದ್ದೇ ಅಂತ ನಾನು ಹೇಳಲಾರೆ. ಮೊನಿಷಾಳನ್ನ ಕಟ್ಟುವಾಗ ಅವರು ಎರಡು ಬೇರೆ ಬೇರೆ ಗುಣಗಳನ್ನ ಒಂದೇ ಗಂಟಿಗೆ ಹಾಕಿದರು. ಅವಳು ಜಿಪುಣಿ, ಜೊತೆಗೆ ಗಲೀಜು. ಕಾಸು ಉಳಿಸೋಳು ಮನೆ ಗುಡಿಸೋದಿಲ್ಲ ಅನ್ನೋ ಹಾಗೆ. ಈ ಗಂಟು ಎಲ್ಲಿಯದು? ನಮ್ಮೂರಲ್ಲಿ ಬೆಳಕು ಹರಿಯೋ ಮುಂಚೆ ಅಂಗಳಕ್ಕೆ ಸೆಗಣಿ ಸಾರಿಸಿ, ಹಿತ್ತಾಳೆ ಕೊಡವನ್ನ ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ ಇಡೋರು ಕಾಸಿಗೆ ಕಾಸು ಎಣಿಸೋ ಮನೆಯವರೇ. ಕೆಲಸದವಳು ಎರಡು ದಿನ ರಜಾ ಹಾಕಿದರೆ ಸಿಂಕಿನ ಹತ್ತಿರ ಹೋಗೋಕಾಗದ ಫ್ಲ್ಯಾಟುಗಳು ಯಾವ ಕ್ಲಾಸು ಅಂತ ನೀವೇ ಹೇಳಿ.

ಉಳಿತಾಯದ ವಿಷಯಕ್ಕೇ ಬಂದರೆ, ಕೌದಿ ನೋಡಿ. ಉತ್ತರ ಕರ್ನಾಟಕದ ಹೆಂಗಸರು ಹರಿದ ಸೀರೆ, ಹಳೆ ಧೋತರ ಒಂದನ್ನೂ ಎಸೆಯದೆ ತುಂಡು ತುಂಡು ಜೋಡಿಸಿ ಹೊಲಿಯೋ ಹೊದಿಕೆ ಅದು. ನಮ್ಮ ಅವ್ವ ಹೊಲಿದದ್ದನ್ನ ಹೊದ್ದು ನಾನು ಬಿಇ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಮಲಗಿದೆ, ರೂಮಿನವರು 'ಅದೇನೋ ಚಿಂದಿ' ಅಂತಿದ್ದರು. ಇವತ್ತು ಅದೇ ಕೌದಿ ಬೆಂಗಳೂರಿನ ಕರಕುಶಲ ಮೇಳಗಳಲ್ಲಿ ಸಾವಿರಗಟ್ಟಲೆ ರೂಪಾಯಿಗೆ ಹೋಗುತ್ತೆ. ಬಟ್ಟೆ ಅದೇ, ಹೊಲಿಗೆ ಅದೇ. ಮೊನಿಷಾ ಹೊದ್ದರೆ ಜಿಪುಣತನ, ಮಾಯಾ ಸೋಫಾದ ಮೇಲೆ ಹರಡಿದರೆ ಕಲೆ. ಜೋಳದ ರೊಟ್ಟಿಗೂ ರಾಗಿ ಅಂಬಲಿಗೂ ಇದೇ ಯೋಗ ಬಂತು. 'ಮಿಲೆಟ್' ಅಂದಮೇಲೆ ಅವಕ್ಕೂ ಕಫ್ ಪರೇಡಿಗೆ ಪ್ರವೇಶ ಸಿಕ್ಕಿತು.

'ಕಾಮಿಡಿ ಗುರೂ, ಎಲ್ಲದಕ್ಕೂ ಯಾಕೆ ಸೀರಿಯಸ್ ಆಗ್ತೀಯಾ' ಅನ್ನೋರಿಗೆ ಉತ್ತರ ಕೊಡೋಕೆ ಇದೇ ತಂಡದ 'ಖಿಚಡಿ' ಸಾಕು. 2002ರ ಆ ಧಾರಾವಾಹಿಯಲ್ಲಿ ಪಾರೇಖ್ ಮನೆಯವರು ಒಬ್ಬರನ್ನೊಬ್ಬರು ಮೀರಿಸೋ ಪೆದ್ದರು. ಅಲ್ಲಿ ಹಂಸಾ ಆಗಿದ್ದ ಸುಪ್ರಿಯಾ ಪಾಠಕ್, ಮಾಯಾ ಮಾಡಿದ ರತ್ನಾರ ಒಡಹುಟ್ಟಿದ ತಂಗಿ. ಖಿಚಡಿ ನೋಡಿ ಎದ್ದ ಮೇಲೆ ಯಾರನ್ನೂ ಹೀಯಾಳಿಸೋಕೆ ಒಂದು ಹೊಸ ಪದ ನಮ್ಮ ಕೈಗೆ ಸಿಕ್ಕಲಿಲ್ಲ. ನಕ್ಕಿದ್ದಂತೂ ಹೊಟ್ಟೆ ಹುಣ್ಣಾಗುವಷ್ಟು. ಕನ್ನಡದಲ್ಲಿ ಕೈಲಾಸಂ ನೂರು ವರ್ಷದ ಹಿಂದೆಯೇ 'ಟೊಳ್ಳುಗಟ್ಟಿ'ಯಲ್ಲಿ ಮಾರ್ಕ್ಸು ತಗೊಳ್ಳೋ ಮಗನನ್ನೂ ಫೇಲಾದ ಮಗನನ್ನೂ ಎದುರುಬದುರು ನಿಲ್ಲಿಸಿ, ಯಾರು ಟೊಳ್ಳು ಯಾರು ಗಟ್ಟಿ ಅಂತ ಕೇಳಿದ್ದರು. ಅವರ ಪಾತ್ರಗಳ ಬಾಯಲ್ಲೂ ಇಂಗ್ಲಿಷ್ ತುಂಬಿ ತುಳುಕುತ್ತೆ. ಆದರೆ ನಾಟಕ ಮುಗಿಯೋ ಹೊತ್ತಿಗೆ ನಮ್ಮ ಮನಸ್ಸು ಗಟ್ಟಿಯವನ ಕಡೆಗೇ ಇರುತ್ತೆ.

ಸಾರಾಭಾಯ್ ನೋಡಬೇಡಿ ಅಂತ ನಾನು ಹೇಳ್ತಿಲ್ಲ. ಮತ್ತೆ ನೋಡಿ, ಈ ಸಲ ಇಂದ್ರವದನನ ಪಕ್ಕ ಕೂತು ನೋಡಿ. ಆಫೀಸಿನಲ್ಲಿ ಆ ಪದ ಬಾಯಿಗೆ ಬಂದಾಗ ಒಂದು ಕ್ಷಣ ತಡೆದು, ಹೇಳಬೇಕಾಗಿರೋದನ್ನ ನೇರವಾಗಿ ಹೇಳಿ. ಮೇಜು ಗಲೀಜಾಗಿದ್ದರೆ ಗಲೀಜಾಗಿದೆ ಅನ್ನಿ. ಪಾರ್ಟಿಯ ಪಾಲು ಕೊಡದೆ ತಪ್ಪಿಸಿಕೊಂಡರೆ ದುಡ್ಡು ಕೊಡಪ್ಪಾ ಅನ್ನಿ. ಅಂಥದ್ದೇನೂ ಇಲ್ಲ, ಅವನು ಬರೀ ಡಬ್ಬಿ ಬಿಚ್ಚಿ ರೊಟ್ಟಿ ತಿಂತಾ ಇದ್ದಾನೆ ಅಂದರೆ, ಸುಮ್ಮನೆ ನಿಮ್ಮ ಊಟ ಮಾಡಿ.