ಚಿತ್ರ ಬರೆದವನು ಎಲ್ಲಿ ನಿಂತಿದ್ದ?

ಆಫ್ರಿಕಾವನ್ನು ಯುರೋಪಿನವರು ಹಂಚಿಕೊಂಡ ಕಾಲದ ಪತ್ರಿಕಾ ಚಿತ್ರಗಳು ನೋಡಲು ಬಲು ಚೆಂದ. ಕುದುರೆ ಜಿಗಿಯುತ್ತದೆ, ಕತ್ತಿ ಮಿಂಚುತ್ತದೆ, ಕೆಂಪು ಧೂಳು ಏಳುತ್ತದೆ. ಇಂಥವು ಈಗ ನಮ್ಮ ಫೋನಿಗೂ ‘ಇತಿಹಾಸ’ ಅಂತ ಬರುತ್ತವೆ. ಬಂದದ್ದನ್ನು ಹಾಗೇ ನಂಬಿ ಮುಂದಕ್ಕೆ ಕಳಿಸಬೇಡಿ ಅನ್ನುವುದು ನಮ್ಮ ಮಾತು.

ಸುಡಾನಿನ ಓಮ್ಡುರ್ಮನ್ ಯುದ್ಧವನ್ನೇ ತಗೊಳ್ಳಿ. 1898ರ ಸೆಪ್ಟೆಂಬರ್ 2ರ ಬೆಳಿಗ್ಗೆ, ನೈಲ್ ನದಿಯ ದಡ. ಒಂದು ಕಡೆ ಕಿಚನರ್‌ನ ಬ್ರಿಟಿಷ್-ಈಜಿಪ್ಟ್ ಸೈನ್ಯ. ಅವರ ಹತ್ತಿರ ಮ್ಯಾಕ್ಸಿಮ್ ಮೆಷಿನ್ ಗನ್, ಫಿರಂಗಿ, ನದಿಯಲ್ಲಿ ಗುಂಡು ಹಾರಿಸುವ ದೋಣಿಗಳು. ಇನ್ನೊಂದು ಕಡೆ ಈಟಿ, ಕತ್ತಿ, ಹಳೇ ಬಂದೂಕು ಹಿಡಿದ ಸುಡಾನಿನ ಜನ. ಬಯಲಿನಲ್ಲಿ ಓಡಿ ಬಂದವರು ಹತ್ತಿರ ಬರುವ ಮೊದಲೇ ಸಾಲು ಸಾಲಾಗಿ ಬಿದ್ದರು. ಮಧ್ಯಾಹ್ನದ ಹೊತ್ತಿಗೆ ಸುಡಾನಿನ ಕಡೆ ಸುಮಾರು 10,000 ಜನ ಸತ್ತಿದ್ದರು. ಕಿಚನರ್ ಕಡೆ ಸತ್ತವರು 50ರ ಆಸುಪಾಸು.

ಲಂಡನ್ನಿನ ಜನ ಮೆಚ್ಚಿ ನೋಡಿದ ಚಿತ್ರದಲ್ಲಿ ಇದು ಇಲ್ಲ. ಅಲ್ಲಿರುವುದು 21ನೇ ಲ್ಯಾನ್ಸರ್ಸ್ ಎಂಬ ಕುದುರೆ ಪಡೆ. ಸುಮಾರು 400 ಸವಾರರು ಶತ್ರುಗಳ ನಡುವೆ ನುಗ್ಗಿದ್ದು ಕೆಲವೇ ನಿಮಿಷದ ಘಟನೆ. ಯುದ್ಧದ ಸೋಲು ಗೆಲುವಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ. (ಮುಂದೆ ಇಂಗ್ಲೆಂಡಿನ ಪ್ರಧಾನಿಯಾದ ಚರ್ಚಿಲ್ ಆ ಸವಾರರಲ್ಲಿ ಒಬ್ಬ.) ಆದರೆ ಅಲ್ಲಿ ಕೈಗೆ ಕೈ ಹತ್ತಿದ ಜಗಳ ಇತ್ತು, ಸವಾರರೂ 21 ಮಂದಿ ಸತ್ತರು, ಹಾಗಾಗಿ ವೀರರು ಸಿಕ್ಕರು. ದೂರದಲ್ಲಿ ಕೂತು ಮೆಷಿನ್ ಗನ್ ಹಾರಿಸುವವನನ್ನು ಬರೆದರೆ ಯಾರು ಚಪ್ಪಾಳೆ ಹೊಡೆಯುತ್ತಾರೆ? ಕುದುರೆ ನುಗ್ಗಿದ್ದು ಸುಳ್ಳಲ್ಲ. ಅದೊಂದನ್ನೇ ತೋರಿಸಿದ್ದು ಸುಳ್ಳು.

ಇಂಥ ಚಿತ್ರ ತಯಾರಾಗುತ್ತಿದ್ದ ಬಗೆಯೂ ಗೊತ್ತಿರಲಿ. ಪತ್ರಿಕೆ ಕಳಿಸಿದ ಚಿತ್ರಗಾರ ಸೈನ್ಯದ ಜೊತೆಯಲ್ಲೇ ಉಂಡು, ಸೈನ್ಯದ ಜೊತೆಯಲ್ಲೇ ಮಲಗಿ, ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ಹಡಗಿನಲ್ಲಿ ಕಳಿಸುತ್ತಿದ್ದ. 1879ರ ಜುಲು ಯುದ್ಧಕ್ಕೆ ‘ಇಲ್ಲಸ್ಟ್ರೇಟೆಡ್ ಲಂಡನ್ ನ್ಯೂಸ್’ನ ಮೆಲ್ಟನ್ ಪ್ರಯರ್ ಹೋಗಿದ್ದು ಹೀಗೆ. ಲಂಡನ್ನಿನಲ್ಲಿ ಬೇರೆಯವರು ಅದನ್ನು ತಿದ್ದಿ, ತುಂಬಿ ಬರೆಯುತ್ತಿದ್ದರು. ಆಮೇಲೆ ಮರದ ಅಚ್ಚನ್ನು ತುಂಡು ಮಾಡಿ ನಾಲ್ಕಾರು ಜನ ಕೆತ್ತಿ ಜೋಡಿಸುತ್ತಿದ್ದರು. ಆಫ್ರಿಕಾದ ಮಣ್ಣನ್ನೇ ಮೆಟ್ಟದವರು ಆಫ್ರಿಕಾದವರ ಮುಖಕ್ಕೆ ಸಿಟ್ಟು ತುಂಬುತ್ತಿದ್ದರು.

ಪ್ಯಾರಿಸ್ಸಿನ ‘ಲೆ ಪೆತಿ ಜರ್ನಲ್’ ವಾರಕ್ಕೊಮ್ಮೆ ಬಣ್ಣದ ಚಿತ್ರಗಳ ಪುರವಣಿಯನ್ನು ಐದೇ ಸಾಂಟಿಮಿಗೆ ಮಾರುತ್ತಿತ್ತು. ಕೊಳ್ಳುತ್ತಿದ್ದವರು ಕೂಲಿಯವರು, ರೈತರು, ನಮ್ಮಂಥವರೇ. ಆಫ್ರಿಕಾ ಅಂದರೆ ಅವರಿಗೆ ಆ ಮುಖಪುಟ.

ಕೆಲವು ಪತ್ರಿಕೆಗಳು ಬೈದದ್ದೂ ಉಂಟು. 1906ರಲ್ಲಿ ಲಂಡನ್ನಿನ ‘ಪಂಚ್’, ಬೆಲ್ಜಿಯಂ ರಾಜ ಲಿಯೋಪೋಲ್ಡನನ್ನು ಕಾಂಗೋದವನೊಬ್ಬನನ್ನು ಸುತ್ತಿ ಹಿಂಡುವ ರಬ್ಬರ್ ಹಾವಾಗಿ ತೋರಿಸಿತು. ಒಳ್ಳೆಯ ವ್ಯಂಗ್ಯಚಿತ್ರ, ಒಪ್ಪುತ್ತೇವೆ. ಆದರೆ ಪಕ್ಕದ ಮನೆಯವನ ಕಳ್ಳತನ ಕಾಣುವುದು ಸುಲಭ.

1896ರಲ್ಲಿ ಅಡ್ವಾದಲ್ಲಿ ಇಟಲಿಯನ್ನು ಸೋಲಿಸಿದ ಇಥಿಯೋಪಿಯಾದವರೂ ಆ ಯುದ್ಧದ ಚಿತ್ರ ಬರೆದರು. ಅವರ ಪದ್ಧತಿಯಲ್ಲಿ ತಮ್ಮವರಿಗೆ ಪೂರ್ತಿ ಮುಖ, ಎರಡು ಕಣ್ಣು. ಶತ್ರುವಿಗೆ ಪಕ್ಕದ ಮುಖ, ಒಂದೇ ಕಣ್ಣು. ಮೇಲೆ ಆಕಾಶದಲ್ಲಿ ಕುದುರೆ ಏರಿದ ಸಂತ ಜಾರ್ಜ್. ಇದೂ ಪಕ್ಷಪಾತವೇ, ಆದರೆ ಮುಚ್ಚುಮರೆ ಇಲ್ಲ. ಲಂಡನ್ನಿನವರು ಮಾತ್ರ ‘ಕಣ್ಣಾರೆ ಕಂಡದ್ದು’ ಅಂತ ಮಾರಿದರು.

ನಾವೂ ಸಾಚಾ ಅಲ್ಲ. ಒಮ್ಮೆ ಒತ್ತುವರಿ ತೆರವು ವರದಿಗೆ ಹೋದಾಗ ಪೊಲೀಸರ ಹಿಂದೆ ನಿಂತು ಫೋಟೊ ತೆಗೆದೆವು, ಅಲ್ಲಿ ನೆರಳಿತ್ತು. ಬಂದದ್ದು ಕೂಗಾಡುವ ಹೆಂಗಸರ ಮುಖ. ಜೆಸಿಬಿ ನಮ್ಮ ಬೆನ್ನ ಹಿಂದೆ ಇತ್ತು.

ಅದಕ್ಕೇ ಕೇಳುತ್ತೇವೆ: ಹಳೇ ಯುದ್ಧಚಿತ್ರ ಹಾಕುವವರು ಬರೆದವರು ಯಾರು, ಯಾವ ಪತ್ರಿಕೆ, ಎರಡೂ ಕಡೆ ಸತ್ತವರೆಷ್ಟು ಅಂತ ಅಡಿಯಲ್ಲಿ ಬರೆಯಲಿ. ನಿಮ್ಮ ಗ್ರೂಪಿಗೆ ಅಂಥ ಚಿತ್ರ ಬಂದಿದ್ದರೆ ನಮಗೆ ಕಳಿಸಿ, ಹುಡುಕಿ ಬರೆದು ವಾಪಸ್ ಕಳಿಸುತ್ತೇವೆ.