ಜಲ್ಲಿ ದಾರಿಯಲ್ಲಿ ಜೀಪು

ತ್ಯಾವಣಿಗೆಯ ಸುತ್ತ ಭತ್ತದ ಗದ್ದೆ, ಅಡಿಕೆ ತೋಟಗಳಿಗೆ ಹೋಗುವ ದಾರಿಗಳೆಲ್ಲ ಡಾಂಬರು ಕಂಡಿಲ್ಲ. ಭದ್ರಾ ನಾಲೆಯ ಏರಿಯ ಮೇಲೂ ತೋಟಗಳ ನಡುವೆಯೂ ಗರಸು, ಜಲ್ಲಿ ಹಾಸಿದ ದಾರಿಗಳಿವೆ. ಇಂಥ ದಾರಿಗೆ ಜೀಪೇ ಸರಿ ಎಂಬುದು ರೈತರ ಅನುಭವ. ಅದರ ಜೊತೆಗೆ ಒಂದು ತಪ್ಪು ನಂಬಿಕೆಯೂ ಬೆಳೆದಿದೆ. ‘ಫೋರ್ ವೀಲ್ ಗಾಡಿ, ಎಲ್ಲಿ ಬೇಕಾದರೂ ನಿಲ್ಲುತ್ತದೆ’ ಎಂದು ಹಲವರು ತಿಳಿದಿದ್ದಾರೆ. ಹೊಸದಾಗಿ ಸ್ಟಿಯರಿಂಗ್ ಹಿಡಿಯುವ ಹುಡುಗರಿಗಂತೂ ಈ ಧೈರ್ಯ ಇನ್ನೂ ಹೆಚ್ಚು.

ಸಾಧಾರಣ ವಾಹನದಲ್ಲಿ ಎಂಜಿನ್ನಿನ ಶಕ್ತಿ ಎರಡು ಚಕ್ರಗಳಿಗೆ ಹೋಗುತ್ತದೆ. ಫೋರ್ ವೀಲ್ ಡ್ರೈವ್‌ನಲ್ಲಿ ಅದು ನಾಲ್ಕಕ್ಕೂ ಹಂಚಿಕೆಯಾಗುವುದರಿಂದ ಒಂದೊಂದು ಚಕ್ರದ ಪಾಲು ಕಡಿಮೆಯಾಗಿ, ಚಕ್ರ ಬರಿದೇ ತಿರುಗದೆ ಗಾಡಿ ಮುಂದೆ ಸಾಗುತ್ತದೆ. ಕೆಸರಿನಿಂದ ಮೇಲೇಳಲು, ದಿಬ್ಬ ಹತ್ತಲು ಇದು ದೊಡ್ಡ ಅನುಕೂಲ. ಆದರೆ ಬ್ರೇಕಿನ ಮಾತು ಬೇರೆ. ಎಲ್ಲ ಕಾರುಗಳಿಗೂ ನಾಲ್ಕು ಚಕ್ರಕ್ಕೆ ಬ್ರೇಕು ಇದ್ದೇ ಇದೆ. ಹಾಗಾಗಿ ಗಾಡಿ ನಿಲ್ಲಿಸುವಾಗ ಜೀಪಿಗೆ ವಿಶೇಷ ಲಾಭವೇನೂ ಇಲ್ಲ. ಬೇಗ ವೇಗ ಹಿಡಿಯುವ ಗಾಡಿ ಅಷ್ಟೇ ಬೇಗ ನಿಲ್ಲುವುದಿಲ್ಲ. ಅಪಾಯ ಇರುವುದೇ ಇಲ್ಲಿ.

ಒಂದು ಲೆಕ್ಕ

ಭೌತಶಾಸ್ತ್ರ ಓದುವ ವಿದ್ಯಾರ್ಥಿಗಳು ಇದನ್ನು ಲೆಕ್ಕ ಹಾಕಿ ನೋಡಬಹುದು. ಬ್ರೇಕು ಹಿಡಿದ ಮೇಲೆ ಗಾಡಿ ಸಾಗುವ ದೂರ ತಿಳಿಯಲು ವೇಗದ ವರ್ಗವನ್ನು ಘರ್ಷಣಾಂಕ ಮತ್ತು ಗುರುತ್ವ ವೇಗೋತ್ಕರ್ಷಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ಒಣಗಿದ ಡಾಂಬರಿನ ಘರ್ಷಣಾಂಕ ಸುಮಾರು 0.7, ಸಡಿಲ ಜಲ್ಲಿಯದು ಸುಮಾರು 0.4 ಎಂದಿಟ್ಟುಕೊಳ್ಳೋಣ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಡಾಂಬರಿನ ಮೇಲೆ 20 ಮೀಟರಿಗೆ ನಿಲ್ಲುವ ಗಾಡಿ ಜಲ್ಲಿಯ ಮೇಲೆ 35 ಮೀಟರು ಹೋಗುತ್ತದೆ. ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಗಾಡಿ ಮತ್ತೆ ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. ಒಟ್ಟು 52 ಮೀಟರು! ಅದೇ ವೇಗ 30 ಕಿ.ಮೀ. ಇದ್ದರೆ ಎಲ್ಲ ಸೇರಿ ಸುಮಾರು 17 ಮೀಟರು ಸಾಕು. ವೇಗ ಅರ್ಧವಾದರೆ ಬ್ರೇಕಿನ ದೂರ ಕಾಲು ಭಾಗಕ್ಕೆ ಇಳಿಯುತ್ತದೆ. ಬದುವಿನಿಂದ ಎಮ್ಮೆಯೋ ಮಗುವೋ ದಾರಿಗೆ ಬಂದಾಗ ಈ ಮೀಟರುಗಳ ಬೆಲೆ ತಿಳಿಯುತ್ತದೆ.

ಎ.ಬಿ.ಎಸ್. ಇದೆ ಎಂದು ನೆಚ್ಚಿ ಕೂರುವಂತಿಲ್ಲ. ಚಕ್ರ ಪೂರ್ತಿ ಕಚ್ಚಿಕೊಂಡಾಗ ಅದರ ಮುಂದೆ ಜಲ್ಲಿ ಗುಡ್ಡೆಯಾಗಿ ಗಾಡಿಯನ್ನು ತಡೆಯುತ್ತದೆ. ಎ.ಬಿ.ಎಸ್. ಚಕ್ರ ಕಚ್ಚಲು ಬಿಡುವುದಿಲ್ಲವಾದ್ದರಿಂದ ಸಡಿಲ ಜಲ್ಲಿಯಲ್ಲಿ ನಿಲ್ಲುವ ದೂರ ಹೆಚ್ಚಾಗಲೂಬಹುದು. ಸ್ಟಿಯರಿಂಗ್ ಮಾತು ಕೇಳುವಂತೆ ಉಳಿಸುವುದೇ ಅದರ ಉಪಕಾರ.

ತಿರುವು, ಅಂಚು, ದೂಳು

ತಿರುವಿನಲ್ಲಿ ಬ್ರೇಕು ಒತ್ತಬಾರದು. ತಿರುವಿಗೆ ಮೊದಲೇ, ದಾರಿ ನೇರವಾಗಿರುವಾಗಲೇ ವೇಗ ಇಳಿಸಿ ಗೇರು ಬದಲಿಸಬೇಕು. ಜೀಪಿನ ಭಾರಕೇಂದ್ರ ಕಾರಿಗಿಂತ ಎತ್ತರದಲ್ಲಿದೆ. ಅಡ್ಡಡ್ಡ ಜಾರುವ ಜೀಪಿನ ಚಕ್ರ ಕೊರಕಲಿಗೋ ಜಲ್ಲಿ ಗುಡ್ಡೆಗೋ ತಗುಲಿದರೆ ಗಾಡಿ ಮಗುಚಬಹುದು. ಹಿಂಬದಿ ಜಾರತೊಡಗಿದರೆ ಬ್ರೇಕು, ಆಕ್ಸಿಲರೇಟರ್ ಎರಡನ್ನೂ ಬಿಟ್ಟು, ಹೋಗಬೇಕಾದ ಕಡೆಗೆ ಕಣ್ಣಿಟ್ಟು ಸ್ಟಿಯರಿಂಗನ್ನು ನಿಧಾನವಾಗಿ ತಿರುಗಿಸಬೇಕು. ನಾಲೆಯ ಏರಿಯಲ್ಲಿ ಅಂಚಿನ ಮಣ್ಣು ಮೆತ್ತಗಿರುತ್ತದೆ. ಎದುರು ಗಾಡಿಗೆ ದಾರಿ ಬಿಡಲು ಅಂಚಿಗೆ ಸರಿಯುವುದಕ್ಕಿಂತ ಅಗಲವಿದ್ದ ಕಡೆ ಮೊದಲೇ ನಿಂತು ಕಾಯುವುದು ಮೇಲು. ಚಕ್ರ ಅಂಚಿಗಿಳಿದರೂ ಒಮ್ಮೆಲೇ ಎಳೆದು ತಿರುಗಿಸಬಾರದು. ಮುಂದಿನ ಟ್ರ್ಯಾಕ್ಟರಿನ ದೂಳಿನಲ್ಲಿ ಏನೂ ಕಾಣದಿದ್ದರೆ ಹಿಂದೆ ಉಳಿಯಬೇಕು, ಹೆಡ್‌ಲೈಟು ಹಾಕಬೇಕು.

ಜಿಪ್ಸಿ, ಥಾರ್‌ಗಳಂಥ ಗಾಡಿಗಳಲ್ಲಿ ಬೇಕೆಂದಾಗ ಮಾತ್ರ ಫೋರ್ ವೀಲ್ ಹಾಕಿಕೊಳ್ಳುವ ಏರ್ಪಾಟಿದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತಬೇಕು. ಜಲ್ಲಿಯಲ್ಲಿ ಚಕ್ರ ತುಸು ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಗಟ್ಟಿ ಡಾಂಬರಿನಲ್ಲಿ ಹಾಗಾಗದೆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ, ಸ್ಟಿಯರಿಂಗ್ ಭಾರವಾಗುತ್ತದೆ. ಆದ್ದರಿಂದ ಡಾಂಬರು ರಸ್ತೆ ಸೇರಿದೊಡನೆ ಎರಡು ಚಕ್ರದ ಓಟಕ್ಕೆ ಮರಳಬೇಕು.

ತಂದೆ ತಾಯಿಗಳಿಗೆ

ತೋಟದ ದಾರಿಯಲ್ಲಿ ಪೊಲೀಸರಿಲ್ಲ ಎಂದು ಹೈಸ್ಕೂಲು ಹುಡುಗನ ಕೈಗೆ ಕೀಲಿ ಕೊಡುವ ಮನೆಗಳಿವೆ. ಕಾನೂನಿನಂತೆ ಜೀಪು ಓಡಿಸಲು 18 ತುಂಬಿರಬೇಕು. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ, ಬಾಲಕ ವಾಹನ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ ಆಗಬಹುದು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ.

ಆದರೆ ದಂಡಕ್ಕಿಂತ ದೊಡ್ಡದು ಜೀವ. ಮಗನಾಗಲಿ ಮಗಳಾಗಲಿ 18 ತುಂಬಿದ ಮೇಲೆ, ಕಲಿಕಾ ಲೈಸೆನ್ಸ್ ಪಡೆದು, ಪಕ್ಕದಲ್ಲಿ ಬಲ್ಲವರನ್ನು ಕೂರಿಸಿಕೊಂಡು ಕಲಿಯಲಿ. ಮೊದಲ ಪಾಠ ನಾಲೆಯಿಂದ ದೂರದ ಬಯಲಿನಲ್ಲಿ, 20 ಕಿ.ಮೀ. ವೇಗದಲ್ಲಿ ಬ್ರೇಕು ಹಿಡಿದು, ಗಾಡಿ ಎಷ್ಟು ದೂರ ಹೋಗಿ ನಿಂತಿತು ಎಂದು ಅಳೆದು ನೋಡುವುದಾಗಿರಲಿ. ಹಿಂದೆ ಕೂತವರೂ ಸೇರಿ ಎಲ್ಲರೂ ಬೆಲ್ಟ್ ಹಾಕಿಕೊಂಡ ಮೇಲೆಯೇ ಕೀಲಿ ತಿರುಗಲಿ.